ಒಂದು ಲೀಟರಿನ ಮೂರು ಸಿಲಿಂಡರ್ ಕಾರಿಗೆ ಟರ್ಬೊ ಮಫ್ಲರ್: ಬಳಸಿದ ಮೇಲಿನ ಅಭಿಪ್ರಾಯ

ಇದು ನನ್ನ ಮೊದಲ ಕಾರು, ಒಂದು ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿಯವರು ಕೊಟ್ಟಿದ್ದ ಮಫ್ಲರ್, ಅಂದರೆ ಹೊಗೆ ಪೈಪಿನ ಸದ್ದು ಅಡಗಿಸುವ ಸೈಲೆನ್ಸರ್ ಡಬ್ಬಿ, ಒಳಗಿಂದ ತುಕ್ಕು ತಿಂದು ತೂತಾಗಿತ್ತು, ಬದಲಿಸದೆ ಗತಿಯಿರಲಿಲ್ಲ. ಹೇಗೂ ಹೊಸದು ಹಾಕಿಸುತ್ತಿದ್ದೇನೆ, ಕಿವಿಗೆ ಒಪ್ಪುವಂಥದ್ದೇ ಇರಲಿ ಅಂತ ಹೊರಗಿನ ಕಂಪನಿಯ ಟರ್ಬೊ ಮಾದರಿಯದನ್ನು ಆರಿಸಿಕೊಂಡೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದನ್ನು ಯಾಕೆ ಹಿಡಿದಿಟ್ಟುಕೊಂಡೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೊದಲ ಕಾರಿಗೆ ಮಫ್ಲರ್ ಹುಡುಕುವವರು ಸಾಮಾನ್ಯವಾಗಿ ವೀಡಿಯೊದಲ್ಲಿ ಸದ್ದು ಕೇಳಿ ತೀರ್ಮಾನಿಸುತ್ತಾರೆ. ಅದನ್ನು ದಯವಿಟ್ಟು ನಂಬಬೇಡಿ. ನಿಮಿಷಕ್ಕೆ 2400 ಸುತ್ತು, ಅಂದರೆ 2400 ಆರ್‌ಪಿಎಂನಲ್ಲಿ ನನ್ನ ಮೂರು ಸಿಲಿಂಡರ್ ಎಂಜಿನ್ ಸೆಕೆಂಡಿಗೆ 60 ಸಲ ಸಿಡಿಯುತ್ತದೆ, ನಾಲ್ಕು ಸಿಲಿಂಡರಿನದು 80 ಸಲ, ಎಂಟು ಸಿಲಿಂಡರಿನ ವಿ8 ಆದರೆ 160 ಸಲ. ದನಿ ಹುಟ್ಟುವುದು ಈ ಸಿಡಿತದಿಂದ. ಮಫ್ಲರ್ ಮಾಡುವುದು ಹುಟ್ಟಿದ ದನಿಯನ್ನು ಸೋಸುವ ಕೆಲಸ ಮಾತ್ರ. ದೊಡ್ಡ ಎಂಜಿನ್ನಿಗೆ ಹಾಕಿದಾಗ ಎದೆ ತುಂಬುವಂತೆ ಗುಡುಗುವ ಅದೇ ಡಬ್ಬಿ ಸಣ್ಣ ಎಂಜಿನ್ನಿನಲ್ಲಿ ಬರೀ ಒಡಕು ಸದ್ದು ಮಾಡಬಹುದು. ನಿಮ್ಮದೇ ಎಂಜಿನ್ ಇರುವ ಕಾರಿಗೆ ಯಾರಾದರೂ ಹಾಕಿಸಿದ್ದರೆ ಅವರನ್ನು ಹುಡುಕಿ. ಹಿಂದೆ ನಿಂತು ಕೇಳುವುದು ಸಾಲದು, ಒಳಗೆ ಕೂತು ಮೇಲಿನ ಗೇರಿನಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಹೋಗಿ. 2000ದಿಂದ 3000 ಆರ್‌ಪಿಎಂ ನಡುವೆ ತಲೆಯೊಳಗೇ ಗುಂಯ್ ಅನ್ನುವ ಸದ್ದು ಕೂತುಬಿಟ್ಟರೆ ಆ ಮಫ್ಲರ್ ಬೇಡವೇ ಬೇಡ. ಕಾರನ್ನು ನಿಲ್ಲಿಸಿ ರೇಸ್ ಮಾಡಿ ತೋರಿಸುವಾಗ ಈ ತೊಂದರೆ ಗೊತ್ತೇ ಆಗುವುದಿಲ್ಲ.

ನಾನು ಕೇಳಿದವು ಮೂರು ಬಗೆ. ಒಂದು, ನೇರ ಕೊಳವೆಯದು. ಒಳಗೆ ತೂತು ತೂತಾದ ಪೈಪು, ಅದರ ಸುತ್ತ ಗಾಜಿನ ನಾರನ್ನೋ ಉಕ್ಕಿನ ನಾರನ್ನೋ ತುಂಬಿರುತ್ತಾರೆ. ಮ್ಯಾಗ್ನಾಫ್ಲೋ ಕಂಪನಿಯವರ ಹೆಸರುವಾಸಿ ಮಫ್ಲರ್‌ಗಳು ಈ ಜಾತಿಯವು. ಹೊಗೆಗೆ ಅಡ್ಡಿ ತೀರಾ ಕಡಿಮೆ. ಆದರೆ ನಾರು ಚೆನ್ನಾಗಿ ಹೀರುವುದು ಕೀಚಲು ಸದ್ದನ್ನು. ಕೆಳಗಿನ ಸ್ಥಾಯಿಯ ಮೊರೆತ ಹೆಚ್ಚುಕಮ್ಮಿ ಹಾಗೇ ದಾಟಿಹೋಗುತ್ತದೆ, ಮೂರು ಸಿಲಿಂಡರಿನಲ್ಲಿ ಕಾಡುವುದೂ ಅದೇ. ಸಾಲದ್ದಕ್ಕೆ ವರ್ಷ ಕಳೆದಂತೆ ಗಾಜಿನ ನಾರು ಸುಟ್ಟು ಉದುರಿ ಸದ್ದು ಏರುತ್ತದೆ. ಇನ್ನೊಂದು, ಫ್ಲೋಮಾಸ್ಟರ್ ಕಂಪನಿ ಹೆಸರು ಮಾಡಿದ ಕೋಣೆಗಳ ಮಾದರಿ. ನಾರಿಲ್ಲ, ತಗಡಿನ ಗೋಡೆಗಳಿಗೆ ಬಡಿದು ಸದ್ದಿನ ಅಲೆಗಳು ಒಂದನ್ನೊಂದು ಕೊಲ್ಲುತ್ತವೆ. ನಾಲ್ಕು ಸಿಲಿಂಡರಿನ ಕಾರೊಂದರಲ್ಲಿ ಕೇಳಿದೆ, ನನ್ನ ಕಿವಿಗೆ ಒರಟು ಅನ್ನಿಸಿತು. ಮೂರನೆಯದು ನಾನು ಆರಿಸಿದ ಟರ್ಬೊ ಮಾದರಿ, ಇದರಲ್ಲಿ ಹೊಗೆ ಒಳಗೇ ಎಸ್ ಆಕಾರದಲ್ಲಿ ಹೋಗಿ, ತಿರುಗಿ ಬಂದು, ಮತ್ತೆ ಹೋಗುತ್ತದೆ. ಹೆಸರಲ್ಲಿ ಟರ್ಬೊ ಇದ್ದರೂ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊಚಾರ್ಜರ್ ಇಲ್ಲದ ಕಾರಿಗೂ ಇದನ್ನು ಹಾಕಬಹುದು. ಮೂರರಲ್ಲಿ ಇದೇ ಮೆತ್ತಗಿನದು. ಸ್ಟಾರ್ಟ್ ಮಾಡಿದಾಗ ಕಂಪನಿಯದಕ್ಕಿಂತ ಒಂದು ಪಟ್ಟು ಗಟ್ಟಿ ದನಿ, ಕಾಲು ಒತ್ತಿದರೆ ತುಂಬು ಗಂಟಲಿನ ಗುಟುರು, ಒಂದೇ ವೇಗಕ್ಕೆ ಬಂದು ನಿಂತ ಮೇಲೆ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಬಹುದು. ನನಗೆ ಬೇಕಿದ್ದದ್ದು ಇಷ್ಟೇ.

ಪಿಕಪ್ ಹೆಚ್ಚಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಸಣ್ಣ ಎಂಜಿನ್ನಿನಲ್ಲಿ ಮಫ್ಲರ್ ಒಂದನ್ನೇ ಬದಲಿಸಿದರೆ ಕಾಲಿಗೆ ತಿಳಿಯುವಂಥ ವ್ಯತ್ಯಾಸ ಬರುವುದಿಲ್ಲ. ದೊಡ್ಡ ಪೈಪು ಹಾಕಿಸಿ ಅನ್ನುವವರ ಮಾತಿಗೂ ಬೀಳಬೇಡಿ, ಹಳೆಯ ಪೈಪಿನ ಅಳತೆಯೇ ಇರಲಿ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಮಾತಂತೂ ಎತ್ತಲೇಬಾರದು. ವಿಷದ ಹೊಗೆಯನ್ನು ತೊಳೆಯುವ ಭಾಗ ಅದು, ನಮ್ಮ ಹಿಂದೆ ಬರುವವರು ಉಸಿರಾಡುವುದು ನಾವು ಬಿಟ್ಟದ್ದನ್ನೇ.

ಲೋಹದ ವಿಷಯಕ್ಕೆ ಬಂದರೆ, ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಿ. 304 ದರ್ಜೆಯ ಸ್ಟೇನ್‌ಲೆಸ್‌ಗೆ ಅದು ಗಟ್ಟಿಯಾಗಿ ಅಂಟುವುದಿಲ್ಲ, 409ಕ್ಕೆ ಅಂಟುತ್ತದೆ. 304ರಲ್ಲಿ ತುಕ್ಕು ತಡೆಯುವ ಕ್ರೋಮಿಯಂ ಸುಮಾರು 18 ಶೇಕಡಾ, ಜೊತೆಗೆ ನಿಕ್ಕಲ್ ಕೂಡ ಇರುತ್ತದೆ. 409ರಲ್ಲಿ ಕ್ರೋಮಿಯಂ 11ರ ಆಸುಪಾಸು. 409 ಕೆಟ್ಟದ್ದೇನಲ್ಲ, ಮೇಲೆ ಕಂದು ಬಣ್ಣ ಬಂದರೂ ವರ್ಷಗಟ್ಟಲೆ ಬಾಳುತ್ತದೆ. ಅಲ್ಯೂಮಿನಿಯಂ ಲೇಪನದ ಉಕ್ಕು ಎಲ್ಲಕ್ಕಿಂತ ಅಗ್ಗ, ಆದರೆ ವೆಲ್ಡಿಂಗ್ ಮಾಡಿದ ಕಡೆ ಲೇಪನ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಹತ್ತಿಕೊಳ್ಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಹತ್ತಿರದ ಓಡಾಟವೇ ಜಾಸ್ತಿಯಾದರೆ ಮಫ್ಲರ್ ಪೂರ್ತಿ ಬಿಸಿಯಾಗದೆ ಆ ನೀರು ಒಳಗೇ ನಿಲ್ಲುತ್ತದೆ. ಹಲವು ಮಫ್ಲರ್‌ಗಳ ತಳದಲ್ಲಿ ಅದಕ್ಕೆಂದೇ ಗುಂಡುಸೂಜಿ ತಲೆಗಿಂತ ತುಸು ದೊಡ್ಡ ತೂತು ಬಿಟ್ಟಿರುತ್ತಾರೆ. ಕೂರಿಸುವಾಗ ಅದು ನೆಲದ ಕಡೆಗೇ ಇದೆಯಾ ಅಂತ ಬಗ್ಗಿ ನೋಡಿ.

ಕೂರಿಸಿದ ಹುಡುಗ ಶ್ರದ್ಧೆಯಿಂದ ಕೆಲಸ ಮಾಡಿದ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಟ್ಟ, ನೇತುಹಾಕುವ ರಬ್ಬರುಗಳನ್ನೆಲ್ಲ ಹೊಸದು ಹಾಕಿದ. ಹಳೇ ರಬ್ಬರು ಜೋತುಬಿದ್ದರೆ ಎಂಥ ಮಫ್ಲರ್ ಆದರೂ ಗುಂಡಿ ಸಿಕ್ಕಾಗ ತಳಕ್ಕೆ ಬಡಿಯುತ್ತದೆ. ಕೊನೆಗೆ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ, ದಪ್ಪ ಬಟ್ಟೆಯಿಂದ ಬಾಲದ ಪೈಪನ್ನು ಕ್ಷಣಹೊತ್ತು ಅರೆಬರೆ ಮುಚ್ಚಿ, ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ತೋರಿಸಿದ. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು, ಅಲ್ಲೇ ಮತ್ತೆ ವೆಲ್ಡ್ ಮಾಡಿದ. ಈ ಪರೀಕ್ಷೆ ಮಾಡಿಸದೆ ಗಾಡಿ ಹೊರಗೆ ತೆಗೆಯಬೇಡಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ.

ಇನ್ನು ಹಿಡಿದಿಟ್ಟುಕೊಂಡ ನಕ್ಷತ್ರ. ಡಬ್ಬಿಯ ಮೇಲೆ ಸದ್ದಿನ ಮಟ್ಟದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬದಲಿ ಸೈಲೆನ್ಸರ್‌ಗಳಿಗೆಂದೇ ವಿಶ್ವಸಂಸ್ಥೆಯ 59ನೇ ನಿಯಮಾವಳಿ ಇದೆ. ಅದರಂತೆ ಒಪ್ಪಿಗೆ ಪಡೆದವುಗಳ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಒತ್ತಿರುತ್ತಾರೆ. ನನ್ನದರ ಮೇಲೆ ಆ ಮುದ್ರೆ ಇಲ್ಲ. ಹಾಗಾಗಿ ಪೈಪಿನ ಬಾಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಸದ್ದಳೆಯುವ ಮೀಟರ್ ಹಿಡಿದು ಅಳೆಸಿದೆ, ಮಿತಿಯೊಳಗೇ ಬಂತು. ಆದರೆ ಈ ಖಾತ್ರಿಯನ್ನು ಕಂಪನಿಯೇ ಕೊಡಬೇಕಿತ್ತು. ಮೊದಲ ಸಲ ಕೊಳ್ಳುವವರು ಇದನ್ನೆಲ್ಲ ಎಲ್ಲಿಂದ ತಿಳಿದುಕೊಳ್ಳಬೇಕು? ಮುದ್ರೆ ಇರುವ ಟರ್ಬೊ ಮಾದರಿ ನಿಮ್ಮ ಪೈಪಿನ ಅಳತೆಗೆ ಸಿಕ್ಕಿದರೆ ನನ್ನದನ್ನು ಬಿಟ್ಟು ಅದನ್ನೇ ತಗೊಳ್ಳಿ.