ಸರೋವರದ ಹೂಳಿನ ಹಳೆಯ ಡಿಎನ್‌ಎಗೆ ಪವರ್‌ಮ್ಯಾಕ್ಸ್ ಸಾಯಿಲ್ ಕಿಟ್: ಎಲ್ಲಿ ಸೈ, ಎಲ್ಲಿ ಸಾಲದು

ಕಯಾಜೆನ್‌ನ ಡಿಎನ್‌ಈಸಿ ಪವರ್‌ಮ್ಯಾಕ್ಸ್ ಸಾಯಿಲ್ ಕಿಟ್ ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳಿಗೆಂದು ಮಾಡಿದ್ದು. ಆದರೂ ಸಾವಿರಾರು ವರ್ಷ ಹಳೆಯ ಹೂಳಿನಲ್ಲಿ ಸಸ್ಯಗಳ ಡಿಎನ್‌ಎ ಹುಡುಕುವವರು ಇದನ್ನೇ ನೆಚ್ಚಿಕೊಳ್ಳುತ್ತಾರೆ. ಒಂದೇ ಸಲಕ್ಕೆ 10 ಗ್ರಾಂ ವರೆಗೆ ಮಾದರಿ ಹಿಡಿಯುವ ಕಿಟ್‌ಗಳು ಕಡಿಮೆ. ಪಿಸಿಆರ್ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕೆಡಿಸುವ ಹ್ಯೂಮಿಕ್ ಆಮ್ಲವನ್ನೂ, ಅಂದರೆ ಕೊಳೆತ ಸಸ್ಯಗಳಿಂದ ಬರುವ ಕಂದು ವಸ್ತುವನ್ನೂ, ಇದು ಚೆನ್ನಾಗಿ ಇಳಿಸುತ್ತದೆ.

ಆದರೆ ಕೈಪಿಡಿಯಲ್ಲಿದ್ದಂತೆಯೇ ನಡೆಸಿದರೆ ಹಳೆಯ ಹೂಳಿಗೆ ಸಾಲದು. ಸರೋವರದ ತಳದ ಹೂಳಿನಲ್ಲಿ ನೀರೇ ಹೆಚ್ಚು. 10 ಗ್ರಾಂ ಹಸಿ ಹೂಳು ಸುರಿದರೆ 15 ಮಿಲೀ ಪವರ್‌ಬೀಡ್ ದ್ರಾವಣ ತೆಳುವಾಗುತ್ತದೆ. 3ರಿಂದ 5 ಗ್ರಾಂ ಸಾಕು. ಕಿಟ್ಟಿನ ದ್ರಾವಣಗಳಿಗೆ ಸಿ1ರಿಂದ ಸಿ6ರವರೆಗೆ ಹೆಸರು. ಜೀವಕೋಶ ಒಡೆಯುವ ಸಿ1 ದ್ರಾವಣ 1.2 ಮಿಲೀ ಹಾಕುವ ಮುನ್ನ ಬಾಟಲಿ ನೋಡಿ: ಚಳಿಗೆ ಅದರಲ್ಲಿನ ಎಸ್‌ಡಿಎಸ್ ಎಂಬ ಮಾರ್ಜಕ ಬಿಳಿಯಾಗಿ ಕೂತಿದ್ದರೆ 60 ಡಿಗ್ರಿಗೆ ಬಿಸಿ ಮಾಡಿ ಕರಗಿಸಬೇಕು. ಇಲ್ಲಿಗೆ ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟೀನೇಸ್-ಕೆ ಮತ್ತು ಪ್ರೋಟೀನಿನ ಕೊಂಡಿ ಬಿಡಿಸುವ ಡಿಟಿಟಿ ಸೇರಿಸಿ, 56 ಡಿಗ್ರಿಯಲ್ಲಿ ರಾತ್ರಿಯಿಡೀ ಮೆಲ್ಲಗೆ ಅಲುಗಾಡಿಸುವುದು ಬಹಳ ಲ್ಯಾಬ್‌ಗಳ ರೂಢಿ. ಮಣಿಗಳ ಜೊತೆ ಜೋರಾಗಿ ಕುಲುಕುವುದನ್ನು ಜೇಡಿ ಬಿಡಿಬಿಡಿಯಾಗುವಷ್ಟಕ್ಕೆ ನಿಲ್ಲಿಸಿ. ನಮಗೆ ಬೇಕಾದ ಡಿಎನ್‌ಎಯಲ್ಲಿ ಹೆಚ್ಚಿನದು ಜೀವಕೋಶದೊಳಗಿಲ್ಲ, ಜೇಡಿಯ ಕಣಗಳಿಗೆ ಅಂಟಿಕೊಂಡಿದೆ, ಮೊದಲೇ ತುಂಡಾಗಿದೆ.

ಸಿ2 5 ಮಿಲೀ, ಸಿ3 4 ಮಿಲೀ: ಹ್ಯೂಮಿಕ್‌ನಂಥ ಕಲ್ಮಶವನ್ನು ಗಸಿಯಾಗಿ ಇಳಿಸುವ ಈ ಎರಡು ಹಂತಗಳೇ ಕಿಟ್ಟಿನ ಜೀವಾಳ. ಪ್ರತಿಯೊಂದಕ್ಕೂ 4 ಡಿಗ್ರಿಯಲ್ಲಿ 10 ನಿಮಿಷ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ 2,500 ಜಿಯಲ್ಲಿ (ಗುರುತ್ವದ 2,500 ಪಟ್ಟು ಬಲದಲ್ಲಿ) 4 ನಿಮಿಷ ತಿರುಗಿಸಬೇಕು. ಮೇಲಿನ ದ್ರವ ತೆಗೆಯುವಾಗ ಕೆಳಗಿನ ಗಸಿಗೆ ಪಿಪೆಟ್ ತಾಗಿಸಬೇಡಿ. ಕೊನೆಯ ಒಂದಿಷ್ಟು ಹನಿಗಳ ಆಸೆಗೆ ಬಿದ್ದರೆ ಕಂದು ಬಣ್ಣ ಕೊನೆಯ ಡಿಎನ್‌ಎ ದ್ರಾವಣದವರೆಗೂ ಹಿಂಬಾಲಿಸುತ್ತದೆ. ನಂತರ ಸಿ4 30 ಮಿಲೀ ಬೆರೆಸಿ, ಮೂರು ಕಂತಿನಲ್ಲಿ ಡಿಎನ್‌ಎ ಹಿಡಿದಿಡುವ ಕಾಲಮ್ಮಿಗೆ. ಸಿ5 10 ಮಿಲೀ ತೊಳೆತ. ಎಥನಾಲ್ ಉಳಿಯದಂತೆ ಕಾಲಮ್ಮನ್ನು ಪೂರ್ತಿ ಒಣಗಿಸಿ.

ದೊಡ್ಡ ದೌರ್ಬಲ್ಯ ಕಡೆಯ ಹಂತದ್ದು. ಕಾಲಮ್ಮಿನಿಂದ ಡಿಎನ್‌ಎ ಬಿಡಿಸಲು ಕೈಪಿಡಿ 5 ಮಿಲೀ ಸಿ6 ಹಾಕಿ ಎನ್ನುತ್ತದೆ. ಕಷ್ಟಪಟ್ಟು ಹಿಡಿದ ಅತ್ಯಲ್ಪ ಡಿಎನ್‌ಎ ಅಷ್ಟು ದ್ರವದಲ್ಲಿ ಚದುರಿಹೋಗುತ್ತದೆ. 1.5ರಿಂದ 2 ಮಿಲೀ ಹಾಕಿ, 10 ನಿಮಿಷ ಕಾದು ತಿರುಗಿಸಿ. ಇನ್ನೂ ಸಾಂದ್ರಗೊಳಿಸುವುದಾದರೆ 10 ಅಥವಾ 30 ಕಿಲೋಡಾಲ್ಟನ್ (ತಡೆಯುವ ಅಣುವಿನ ತೂಕದ ಅಳತೆ) ಫಿಲ್ಟರ್ ಆರಿಸಿ. 100ರದ್ದಾದರೆ ಚಿಕ್ಕ ತುಂಡುಗಳು ಸೋರಿಹೋಗುತ್ತವೆ. ಸಾಂದ್ರಗೊಳಿಸಿದಾಗ ಉಳಿದ ಹ್ಯೂಮಿಕ್ ಕೂಡ ದಟ್ಟವಾಗುವುದರಿಂದ ಹತ್ತು ಪಟ್ಟು ತೆಳುಗೊಳಿಸಿದ್ದನ್ನೂ ಕ್ಯೂಪಿಸಿಆರ್‌ನಲ್ಲಿ (ಪ್ರತಿಗಳು ಏರುವುದನ್ನು ಸೈಕಲ್ ಸೈಕಲ್ಲಿಗೂ ಅಳೆಯುವ ಪಿಸಿಆರ್) ಜೊತೆಗೇ ಓಡಿಸಬೇಕು. ತೆಳುವಾದದ್ದು ಮುಂಚೆ ಅಥವಾ ಅದೇ ಸೈಕಲ್ಲಿನಲ್ಲಿ ಏರಿದರೆ ತಡೆ ಇನ್ನೂ ಇದೆ ಎಂದರ್ಥ.

ಯಾರಿಗೆ ಸೂಕ್ತ? ಸಸ್ಯ ಯಾವುದೆಂದು ತಿಳಿಸುವ ಟಿಆರ್‌ಎನ್‌ಎಲ್ ಪಿ6 ಲೂಪ್‌ನಂಥ (ಹರಿತ್ಕಣದ ಡಿಎನ್‌ಎಯ ಒಂದು ತುಣುಕು) ಚಿಕ್ಕ ಗುರುತಿಗೆ ಧಾರಾಳವಾಗಿ ಕೊಳ್ಳಬಹುದು. ಶಾಟ್‌ಗನ್ (ಇರುವ ಡಿಎನ್‌ಎಯನ್ನೆಲ್ಲ ಓದುವುದು) ಅಥವಾ ಬೇಟ್ ಹಿಡಿತಕ್ಕಾದರೆ (ಬೇಕಾದ ತುಂಡುಗಳನ್ನಷ್ಟೇ ಗಾಳದಂತೆ ಹಿಡಿಯುವುದು) ಬೇಡ. ತುಂಡುಗಳ ತುದಿಗಳಲ್ಲಿ ಸೈಟೋಸಿನ್ (ಡಿಎನ್‌ಎಯ ನಾಲ್ಕು ಬೇಸ್‌ಗಳಲ್ಲಿ ಒಂದು) ಕೆಟ್ಟುಹೋದ ಗುರುತು ನೋಡಿಯೇ ಡಿಎನ್‌ಎ ನಿಜಕ್ಕೂ ಹಳೆಯದೆಂದು ಹೇಳುವುದು, ಅದಕ್ಕೆ 100 ಬೇಸ್‌ಗಿಂತ ಚಿಕ್ಕ ತುಂಡುಗಳೇ ಮುಖ್ಯ. ಅವನ್ನು ಹಿಡಿಯಲು ಡ್ಯಾಬ್ನಿ ಬಫರ್, ಅಂದರೆ 5 ಮೋಲಾರ್ ಗ್ವಾನಿಡೀನ್ ಹೈಡ್ರೋಕ್ಲೋರೈಡ್ ಜೊತೆ 40% ಐಸೋಪ್ರೊಪನಾಲ್, ಎಷ್ಟೋ ಮೇಲು. ಬೇಸಿಗೆಯಲ್ಲಿ ಬಿರುಕುಬಿಡುವ ನಮ್ಮ ಬಯಲುಸೀಮೆ ಕೆರೆಗಳ ಹೂಳಿಗಂತೂ ಯಾವ ಕಿಟ್ಟಿನಿಂದಲೂ ಹೆಚ್ಚು ನಿರೀಕ್ಷಿಸಬೇಡಿ. ಬಿಸಿಲು, ಗಾಳಿ, ಮತ್ತೆ ಮತ್ತೆ ನೆನೆದು ಒಣಗುವುದು ಡಿಎನ್‌ಎಯನ್ನು ಬೇಗ ಮುರಿಯುತ್ತವೆ.

ಕಿಟ್ಟಿನಲ್ಲಿರುವುದು 10 ಮಾದರಿಗೆ. ಒಂದನ್ನು ಹೂಳಿಲ್ಲದ ಬ್ಲ್ಯಾಂಕ್‌ಗೆ (ಹೊರಗಿನ ಡಿಎನ್‌ಎ ಸೇರಿದೆಯೇ ಎಂದು ತಿಳಿಯುವ ಖಾಲಿ ಮಾದರಿ) ಮೀಸಲಿಡಲೇಬೇಕು, ಲೆಕ್ಕ ಹಾಕುವಾಗ ಒಂಬತ್ತೇ ಎಂದುಕೊಳ್ಳಿ. ಹಳೆಯ ಡಿಎನ್‌ಎ ಲ್ಯಾಬಿನಲ್ಲಿ ಮೇಜು ಒರೆಸಲು ಬ್ಲೀಚ್ ಸದಾ ಕೈಗೆಟುಕುವಂತಿರುತ್ತದೆ. ಸಿ4 ಇರುವ ತ್ಯಾಜ್ಯಕ್ಕೆ ಅದನ್ನು ಸುರಿಯಬೇಡಿ, ಗ್ವಾನಿಡೀನ್ ಜೊತೆ ಸೇರಿ ವಿಷಾನಿಲ ಏಳುತ್ತದೆ.