ರ‍್ಯಾಕ್‌ಗೆ ಕೂರಿಸಿದ 24 ಪೋರ್ಟ್‌ಗಳ ಪಿಒಇ ಸ್ವಿಚ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ಕಚೇರಿಯ ಒಂದು ಅಂತಸ್ತಿನ ನೆಟ್‌ವರ್ಕ್ ಪೂರ್ತಿಯಾಗಿ ಗೋಡೆಗೆ ಹೊಡೆದ 12ಯು (ಯು ಎಂದರೆ ರ‍್ಯಾಕ್‌ನ ಎತ್ತರದ ಅಳತೆ) ರ‍್ಯಾಕ್‌ನಲ್ಲಿರುವ ಒಂದೇ ಮ್ಯಾನೇಜ್ಡ್ (ಸೆಟ್ಟಿಂಗ್‌ಗಳನ್ನು ನಾವೇ ಬದಲಿಸಬಹುದಾದ) ಸ್ವಿಚ್‌ನ ಮೇಲೆ ಮೂರು ವರ್ಷಗಳಿಂದ ನಡೆಯುತ್ತಿದೆ. 1ಯು ಎತ್ತರದ ಈ ಪೆಟ್ಟಿಗೆಯಲ್ಲಿ 24 ಗಿಗಾಬಿಟ್ ಪೋರ್ಟ್‌ಗಳೂ ಫೈಬರ್ ಕೇಬಲ್ ಮುಂತಾದವಕ್ಕೆಂದು ನಾಲ್ಕು ಎಸ್‌ಎಫ್‌ಪಿ ಪೋರ್ಟ್‌ಗಳೂ ಇವೆ. ನೆಟ್‌ವರ್ಕ್ ಕೇಬಲ್‌ನಲ್ಲೇ ಸಾಧನಗಳಿಗೆ ವಿದ್ಯುತ್ ಕೊಡುವ ಪಿಒಇಗೆಂದು ಒಟ್ಟು 370 ವ್ಯಾಟ್ ಮೀಸಲಾಗಿದೆ. ಇದಕ್ಕೆ ಮೊದಲು ಎಂಟೆಂಟು ಪೋರ್ಟ್‌ಗಳ ಮೂರು ಚಿಕ್ಕ ಸ್ವಿಚ್‌ಗಳು ಮೇಜುಗಳ ಕೆಳಗೆ ಒಂದಕ್ಕೊಂದು ಜೋತುಬಿದ್ದಿದ್ದವು, ಯಾವುದು ಕೈಕೊಟ್ಟಿತೆಂದು ತಿಳಿಯಲು ಮಂಡಿಯೂರಿ ಟಾರ್ಚ್ ಹಿಡಿದು ಹುಡುಕಬೇಕಿತ್ತು. ಕೊಂಡ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ, ಮೂರನೆಯ ತಿಂಗಳಲ್ಲಿ ಕೇಳಿದ್ದರೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಈಗ ನಾಲ್ಕು ಕೊಡುತ್ತಿದ್ದೇನೆ. ಈ ಏರಿಳಿತಕ್ಕೆ ಯಂತ್ರ ಎಷ್ಟು ಕಾರಣವೋ ಅದನ್ನು ನಾವು ಕೂರಿಸಿದ ರೀತಿಯೂ ಅಷ್ಟೇ ಕಾರಣ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ರ‍್ಯಾಕ್‌ಗೆ ಏರಿಸುವ ಕೆಲಸವನ್ನು ನಾವು ತೀರ ಹಗುರವಾಗಿ ತೆಗೆದುಕೊಂಡೆವು. 19 ಇಂಚಿನ ರ‍್ಯಾಕ್‌ನ ಕಂಬಿಯಲ್ಲಿ ಒಂದೊಂದು ಯು ಅಂದರೆ 44.45 ಮಿಲಿಮೀಟರ್ ಎತ್ತರ, ಅದರಲ್ಲಿ ಮೂರು ಚೌಕ ತೂತುಗಳು. ಈ ತೂತುಗಳು ಸಮನಾದ ಅಂತರದಲ್ಲಿವೆಯೆಂದು ಮೇಲ್ನೋಟಕ್ಕೆ ಅನ್ನಿಸಿದರೂ ಹಾಗಿಲ್ಲ. ಒಂದು ಯುವಿನೊಳಗಿನ ತೂತುಗಳ ನಡುವೆ 15.9 ಮಿಲಿಮೀಟರ್ ಇದ್ದರೆ, ಒಂದು ಯುವಿನ ಕೊನೆಯ ತೂತಿಗೂ ಮುಂದಿನ ಯುವಿನ ಮೊದಲ ತೂತಿಗೂ ನಡುವೆ 12.7 ಮಿಲಿಮೀಟರ್ ಮಾತ್ರ ಇರುತ್ತದೆ. ಚೌಕ ತೂತಿಗೆ ಸಿಕ್ಕಿಸುವ ಕೇಜ್ ನಟ್‌ಗಳನ್ನು ಕೂರಿಸುವಾಗ ನಾವು ಒಂದು ತೂತು ಕೆಳಗೆ ಜಾರಿದ್ದೆವು. ಮೇಲಿನ ಬೋಲ್ಟ್ ಸಲೀಸಾಗಿ ಹತ್ತಿತು, ಕೆಳಗಿನದು ಮಾತ್ರ ಎಷ್ಟು ತಿರುಗಿಸಿದರೂ ಓರೆಯಾಗಿಯೇ ಹೋಗುತ್ತಿತ್ತು, ಏಕೆಂದರೆ ಸ್ವಿಚ್‌ನ ಬ್ರ್ಯಾಕೆಟ್ ಬೇಡುವ ಅಂತರ ಸುಮಾರು 31.8 ಮಿಲಿಮೀಟರ್, ನಮ್ಮ ನಟ್‌ಗಳ ನಡುವೆ ಇದ್ದದ್ದು 28.6. ಜೊತೆಗಿದ್ದ ಹುಡುಗ, 'ಸರ್, ಇನ್ನೊಂದು ಸುತ್ತು ಒತ್ತಿ ತಿರುಗಿಸಿದರೆ ಕೂತುಬಿಡುತ್ತದೆ' ಎಂದ. ಒತ್ತಿ ತಿರುಗಿಸಿದೆವು, ತಿರುಪಿನ ಗೆರೆ (ಥ್ರೆಡ್) ಸವೆದುಹೋಯಿತು. ಆ ನಟ್ಟನ್ನು ಕಿತ್ತು ತೆಗೆಯುವಷ್ಟರಲ್ಲಿ ನನ್ನ ಹೆಬ್ಬೆರಳೂ ಕುಯ್ದುಕೊಂಡಿತ್ತು. ಕಂಬಿಯ ಮೇಲಿನ ಯು ಗುರುತುಗಳನ್ನು ನೋಡಿ, ನಾಲ್ಕೂ ತೂತುಗಳಿಗೆ ಮೊದಲೇ ಪೆನ್ನಿನಿಂದ ಗುರುತು ಹಾಕಿಕೊಂಡಿದ್ದರೆ ಇಡೀ ಕೆಲಸ ಹತ್ತು ನಿಮಿಷದ್ದು.

ಸ್ವಿಚ್‌ನ ಗಾಳಿಗಂಡಿಗಳು ಎರಡೂ ಪಕ್ಕಗಳಲ್ಲಿವೆ. ಆದ್ದರಿಂದ ಬದಿಯಲ್ಲಿ ಕೇಬಲ್ ಕಟ್ಟುಗಳನ್ನು ಒತ್ತರಿಸದೆ, ಮೇಲೊಂದು ಯು ಖಾಲಿ ಬಿಟ್ಟು, ಗೋಡೆಯ ಸಾಕೆಟ್‌ಗಳ ಕೇಬಲ್‌ಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್ಲನ್ನು ಅದರ ಮೇಲೆ ಕೂರಿಸಿದೆವು. ಅರ್ಥಿಂಗ್ ತಂತಿಯನ್ನು ಹಿಂಭಾಗದ ತಿರುಪಿಗೆ ಕಟ್ಟಿದ್ದು, ವಿದ್ಯುತ್ತನ್ನು ಯುಪಿಎಸ್‌ನಿಂದ ಕೊಟ್ಟದ್ದು ಇವುಗಳಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ.

ಪಿಒಇಯ ಲೆಕ್ಕವನ್ನು ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೆಟ್ಟಿಗೆಯ ಮೇಲೆ '24 ಪೋರ್ಟ್, ಪಿಒಇ ಪ್ಲಸ್' ಎಂದು ದಪ್ಪ ಅಕ್ಷರದಲ್ಲಿದೆ. 2009ರ 802.3ಎಟಿ ಮಾನದಂಡದ ಪ್ರಕಾರ ಪಿಒಇ ಪ್ಲಸ್ ಪೋರ್ಟ್ ಒಂದು 30 ವ್ಯಾಟ್‌ವರೆಗೆ ಕೊಡಬಲ್ಲದು. 24 ಪೋರ್ಟ್‌ಗಳಿಗೂ ಹಾಗೆ ಕೊಡಲು 720 ವ್ಯಾಟ್ ಬೇಕು. ಇಲ್ಲಿರುವುದು 370. ಈ ಸಂಖ್ಯೆ ಎಲ್ಲಿಂದ ಬಂತೆಂದು ನೋಡಿದರೆ, 2003ರ ಹಳೆಯ 802.3ಎಎಫ್ ಮಾನದಂಡದ 15.4 ವ್ಯಾಟನ್ನು 24ರಿಂದ ಗುಣಿಸಿ, ಬಂದ 369.6ನ್ನು ದುಂಡಗೆ ಮಾಡಿದಂತಿದೆ. ಅಂದರೆ ಯಾವ ಪೋರ್ಟ್ ಬೇಕಾದರೂ 30 ವ್ಯಾಟ್ ಕೊಡುತ್ತದೆ, ಎಲ್ಲವೂ ಒಟ್ಟಿಗೆ ಕೊಡಲಾರವು. ಇದು ಸುಳ್ಳಲ್ಲ, ಆದರೆ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು ಒಟ್ಟು ವ್ಯಾಟ್ ಎಂಬುದು ನನ್ನ ದೂರು.

ನಮ್ಮಲ್ಲಿ ಆಗ ಎಂಟು ವೈಫೈ ಆಕ್ಸೆಸ್ ಪಾಯಿಂಟ್‌ಗಳು, ಒಂಬತ್ತು ಐಪಿ ಫೋನ್‌ಗಳು, ನಾಲ್ಕು ಕ್ಯಾಮೆರಾಗಳು ಇದ್ದವು. ಎರಡು ತಿಂಗಳ ನಂತರ ಐದನೆಯ ಕ್ಯಾಮೆರಾ ತಂದು ಸಿಕ್ಕಿಸಿದಾಗ ಅದರ ದೀಪವೇ ಹತ್ತಲಿಲ್ಲ. ಕೇಬಲ್ ಬದಲಿಸಿದೆವು, ಪೋರ್ಟ್ ಬದಲಿಸಿದೆವು, ಕ್ಯಾಮೆರಾವನ್ನೇ ಹಿಂದಿರುಗಿಸಲು ಡಬ್ಬಿಗೆ ಹಾಕಿದ್ದೂ ಆಯಿತು. ಆದರೆ ಸ್ವಿಚ್‌ನ ಪಿಒಇ ಪುಟದಲ್ಲಿ ನಿಜವಾದ ಬಳಕೆ 150 ವ್ಯಾಟನ್ನೂ ಮುಟ್ಟಿರಲಿಲ್ಲ. ತೊಡಕು ಇದ್ದದ್ದು ಹಂಚಿಕೆಯ ಕ್ರಮದಲ್ಲಿ. ಕಾರ್ಖಾನೆಯಿಂದ ಬಂದ ಸೆಟ್ಟಿಂಗ್ ಪ್ರಕಾರ ಈ ಸ್ವಿಚ್, ಸಾಧನ ಎಷ್ಟು ಎಳೆಯುತ್ತಿದೆ ಎಂಬುದನ್ನು ನೋಡದೆ, ಅದು ತನ್ನನ್ನು ಯಾವ ವರ್ಗವೆಂದು ಹೇಳಿಕೊಳ್ಳುತ್ತದೋ ಆ ವರ್ಗದ ಪೂರ್ತಿ ಪಾಲನ್ನು ಎತ್ತಿಡುತ್ತದೆ. ನಾಲ್ಕನೆಯ ವರ್ಗದ ಎಂಟು ಆಕ್ಸೆಸ್ ಪಾಯಿಂಟ್‌ಗಳಿಗೆ ತಲಾ 30ರಂತೆ 240, ಎರಡನೆಯ ವರ್ಗದ ಒಂಬತ್ತು ಫೋನ್‌ಗಳಿಗೆ ತಲಾ 7ರಂತೆ 63, ಮೂರನೆಯ ವರ್ಗದ ನಾಲ್ಕು ಕ್ಯಾಮೆರಾಗಳಿಗೆ ತಲಾ 15.4ರಂತೆ 61.6, ಒಟ್ಟು 364.6. ಇನ್ನುಳಿದ 5.4 ವ್ಯಾಟ್‌ನಲ್ಲಿ ಮತ್ತೊಂದು ಕ್ಯಾಮೆರಾಕ್ಕೆ ಜಾಗವೆಲ್ಲಿ? ಹಂಚಿಕೆಯನ್ನು ನಿಜವಾದ ಬಳಕೆಯ ಲೆಕ್ಕಕ್ಕೆ ಬದಲಿಸಿದ ಕೂಡಲೇ ಕ್ಯಾಮೆರಾ ಎದ್ದಿತು. ಈ ಕ್ರಮದಲ್ಲೂ ಒಂದು ಎಚ್ಚರ ಬೇಕು: ರಾತ್ರಿ ಕ್ಯಾಮೆರಾಗಳ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಬಳಕೆ ಏರುತ್ತದೆ, ಮಿತಿ ಮೀರಿದರೆ ಸ್ವಿಚ್ ಕಡಿಮೆ ಆದ್ಯತೆಯ ಪೋರ್ಟ್‌ಗಳನ್ನು ತಾನಾಗಿಯೇ ಆರಿಸುತ್ತದೆ. ನಾವು ಫೋನ್‌ಗಳಿಗೂ ಬಾಗಿಲ ಬಳಿಯ ಕ್ಯಾಮೆರಾಕ್ಕೂ ಮೇಲಿನ ಆದ್ಯತೆ ಕೊಟ್ಟಿದ್ದೇವೆ. ಇಲ್ಲಿಯವರೆಗೆ ಅದರ ಅಗತ್ಯ ಬಿದ್ದಿಲ್ಲ.

ಸೆಟ್ಟಿಂಗ್‌ಗಳ ವಿಚಾರಕ್ಕೆ ಬಂದರೆ, ವೆಬ್ ಪುಟ ಅಚ್ಚುಕಟ್ಟಾಗಿದೆ. ಕಚೇರಿ, ಫೋನ್, ಕ್ಯಾಮೆರಾ, ಅತಿಥಿಗಳು ಎಂದು ನಾಲ್ಕು ವಿಲ್ಯಾನ್ (ಒಂದೇ ಸ್ವಿಚ್‌ನೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿದೆವು. ಫೋನ್‌ನ ಬೆನ್ನಿಗೆ ಕಂಪ್ಯೂಟರ್ ಸಿಕ್ಕಿಸುವುದರಿಂದ ಆ ಪೋರ್ಟ್‌ಗಳಲ್ಲಿ ಕಚೇರಿಯ ವಿಲ್ಯಾನ್ ಟ್ಯಾಗ್ (ಯಾವ ವಿಲ್ಯಾನ್ ಎಂಬ ಗುರುತು) ಇಲ್ಲದೆ, ಫೋನ್‌ನದು ಟ್ಯಾಗ್ ಸಹಿತ ಹೋಗಬೇಕು. ಇದನ್ನು ಮಾಡುತ್ತಿರುವಾಗಲೇ ನಾನು ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿಕೊಂಡಿದ್ದ ಪೋರ್ಟ್‌ನ ವಿಲ್ಯಾನನ್ನೇ ಬದಲಿಸಿ ಬಟನ್ ಒತ್ತಿದೆ. ಪುಟ ಸುತ್ತುತ್ತಲೇ ಇತ್ತು, ಮತ್ತೆ ತೆರೆದುಕೊಳ್ಳಲಿಲ್ಲ. ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ನೆಟ್‌ವರ್ಕ್ ಇಲ್ಲದೆಯೇ ಸ್ವಿಚ್‌ಗೆ ನೇರವಾಗಿ ಸೇರುವ ಕನ್ಸೋಲ್ ಕೇಬಲ್ ಹಾಕಿದಾಗ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿದವು, ಏಕೆಂದರೆ ನಾನು ಇಟ್ಟಿದ್ದ ವೇಗ 9600, ಈ ಸ್ವಿಚ್ ಮಾತಾಡುವುದು 115200ರಲ್ಲಿ. ಅದನ್ನು ಸರಿಪಡಿಸಿದ ಮೇಲೆ ಒಳಗೆ ಹೋಗಲು ಸಾಧ್ಯವಾಯಿತು. ಅಂದಿನಿಂದ ಆ ಕೇಬಲ್ಲನ್ನು, ವೇಗ ಬರೆದ ಚೀಟಿ ಅಂಟಿಸಿ, ರ‍್ಯಾಕ್‌ನ ಒಳಗೇ ನೇತುಹಾಕಿದ್ದೇವೆ.

ಎರಡು ನಕ್ಷತ್ರದ ದಿನ ಬಂದದ್ದು ಮೂರನೆಯ ತಿಂಗಳಲ್ಲಿ. ಈ ಸ್ವಿಚ್‌ನಲ್ಲಿ 'ಅಪ್ಲೈ' ಒತ್ತಿದರೆ ಬದಲಾವಣೆ ಆ ಕ್ಷಣವೇ ಜಾರಿಗೆ ಬರುತ್ತದೆ, ಆದರೆ ಅದು ಚಾಲ್ತಿಯಲ್ಲಿರುವ ಕಾನ್ಫಿಗರೇಶನ್‌ನಲ್ಲಿ ಮಾತ್ರ ಉಳಿಯುತ್ತದೆ. ಸ್ವಿಚ್ ಮತ್ತೆ ಶುರುವಾಗುವಾಗ ಓದುವ ಕಡತಕ್ಕೆ ಹೋಗಬೇಕಾದರೆ ಮೂಲೆಯಲ್ಲಿರುವ 'ಸೇವ್' ಎಂಬ ಚಿಕ್ಕ ಗುರುತನ್ನು ಬೇರೆಯಾಗಿ ಒತ್ತಬೇಕು. ನಾವು ಒತ್ತಿರಲಿಲ್ಲ. ವಿದ್ಯುತ್ ಹೋಗಿ ಯುಪಿಎಸ್ಸೂ ಬರಿದಾದ ಒಂದು ರಾತ್ರಿಯ ನಂತರ ಸ್ವಿಚ್ ತನ್ನ ಮೊದಲ ವಾರದ ನೆನಪಿನೊಂದಿಗೆ ಎದ್ದಿತು. ಬೆಳಗ್ಗೆ ನೋಡಿದರೆ ಕ್ಯಾಮೆರಾಗಳ ವಿಲ್ಯಾನ್ ಇಲ್ಲ, ಐದನೆಯ ಕ್ಯಾಮೆರಾಕ್ಕೆ ವಿದ್ಯುತ್ ಇಲ್ಲ, ಫೋನ್‌ಗಳು ವಿಳಾಸ ಸಿಗದೆ ಪರದಾಡುತ್ತಿದ್ದವು. ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಈ ಎರಡು ಹಂತದ ಪದ್ಧತಿ ಹಳೆಯದೇ, ಅದಕ್ಕೊಂದು ಲಾಭವೂ ಇದೆ: ತಪ್ಪು ಮಾಡಿದರೆ ಆರಿಸಿ ಹೊತ್ತಿಸಿದರೆ ಸಾಕು. ಆದರೂ ಸೇವ್ ಆಗದ ಬದಲಾವಣೆಗಳಿದ್ದಾಗ ಲಾಗ್‌ಔಟ್ ಮಾಡಲು ಹೊರಟವರನ್ನು ಒಂದು ಸಂದೇಶ ತಡೆಯಬಾರದೇ? ಆಮೇಲೆ ಬಂದ ಮೂರು ಫರ್ಮ್‌ವೇರ್‌ಗಳಲ್ಲೂ ಇದು ಸೇರಿಲ್ಲ.

ಒಳ್ಳೆಯ ಗುಣಗಳೂ ಇವೆ. ಸಭಾಕೊಠಡಿಯಲ್ಲಿ ಯಾರೋ ಬಿದ್ದಿದ್ದ ಪ್ಯಾಚ್ ಕಾರ್ಡ್‌ನ ಎರಡೂ ತುದಿಗಳನ್ನು ಗೋಡೆಯ ಎರಡು ಸಾಕೆಟ್‌ಗಳಿಗೆ ಸಿಕ್ಕಿಸಿ, ನೋಡಲು ಓರಣವಾಗಿದೆ ಎಂದುಕೊಂಡು ಹೋದದ್ದುಂಟು. ಹಳೆಯ ಸ್ವಿಚ್‌ಗಳಾಗಿದ್ದರೆ ಆ ಲೂಪ್‌ನಿಂದ ಇಡೀ ಅಂತಸ್ತು ನಿಂತುಹೋಗುತ್ತಿತ್ತು. ಇಲ್ಲಿ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ (ಲೂಪ್ ಹಿಡಿಯುವ ವ್ಯವಸ್ಥೆ) ಒಂದು ಪೋರ್ಟನ್ನು ತಡೆದು ಲಾಗ್ ಬರೆದಿತ್ತು, ನಮಗೆ ಗೊತ್ತಾದದ್ದೇ ಎರಡು ದಿನದ ಮೇಲೆ. ಲಾಗ್‌ನಲ್ಲಿ ದಿನಾಂಕ 1970ರ ಜನವರಿ ಎಂದಿತ್ತು, ಸಮಯ ತಿಳಿಸುವ ಎನ್‌ಟಿಪಿ ಸರ್ವರ್‌ನ ವಿಳಾಸ ಕೊಡದಿದ್ದುದು ನಮ್ಮದೇ ತಪ್ಪು. ಇನ್ನೊಮ್ಮೆ ಒಂದು ಮೇಜಿನ ಸಂಪರ್ಕ ಗಿಗಾಬಿಟ್‌ನಿಂದ 100 ಮೆಗಾಬಿಟ್‌ಗೆ ಇಳಿದಿತ್ತು. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತಿಗಳೂ ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಸ್ವಿಚ್‌ನೊಳಗಿನ ಕೇಬಲ್ ಪರೀಕ್ಷೆ ಒಂದು ಜೋಡಿ ಸುಮಾರು ಒಂದು ಮೀಟರ್ ದೂರದಲ್ಲಿ ಕಡಿದಿದೆಯೆಂದು ತೋರಿಸಿತು. ಅಷ್ಟು ಹತ್ತಿರವೆಂದರೆ ಪ್ಯಾಚ್ ಪ್ಯಾನೆಲ್ಲೇ. ಪಂಚ್ ಮಾಡಿದ ತಂತಿ ಬಿಟ್ಟುಕೊಂಡಿತ್ತು, ಮತ್ತೆ ಒತ್ತಿದೆವು. ಗೋಡೆ ಒಡೆಯುವುದು ತಪ್ಪಿತು.

ಫ್ಯಾನ್ ಸದ್ದು ಮೊದಲ ವರ್ಷ ಗಮನಕ್ಕೇ ಬರುತ್ತಿರಲಿಲ್ಲ. ಎರಡನೆಯ ವರ್ಷದ ಬೇಸಿಗೆಯಿಂದ ಒಂದು ಫ್ಯಾನ್ ಶುರುವಾಗುವಾಗ ಗೊರಗೊರ ಎನ್ನುತ್ತದೆ, ಧೂಳು ಊದಿ ತೆಗೆದ ಮೇಲೆ ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ರಾಗ ಎಳೆಯುತ್ತದೆ. ಕೂರುವ ಕೋಣೆಯಲ್ಲೇ ರ‍್ಯಾಕ್ ಇರುವವರಿಗೆ ಇದು ಹಿತವಾಗದು. ನಾನು ಕಳೆದ ನಕ್ಷತ್ರದಲ್ಲಿ ಅರ್ಧ ಇದಕ್ಕೆ, ಅರ್ಧ ಆ ಸೇವ್ ಗುರುತಿಗೆ. ಈಗ 22 ಪೋರ್ಟ್‌ಗಳು ತುಂಬಿವೆ. ಇದೇ ಮಾದರಿಯನ್ನು ಮತ್ತೆ ಕೊಳ್ಳುವುದಾದರೆ, ಪೋರ್ಟ್‌ಗಳ ಸಂಖ್ಯೆ ಹೀಗೆಯೇ ಇದ್ದು ಹೆಚ್ಚು ವ್ಯಾಟ್ ಇರುವ ರೂಪವನ್ನು ಆರಿಸುತ್ತೇನೆ, ಮತ್ತು ಫ್ಯಾನನ್ನು ಹೊರಗಿನಿಂದಲೇ ಬದಲಿಸಲು ಬರುತ್ತದೆಯೇ ಎಂದು ಮೊದಲು ಕೇಳುತ್ತೇನೆ. ನಮ್ಮದರಲ್ಲಿ ಅದಕ್ಕಾಗಿ ಸ್ವಿಚ್ಚನ್ನೇ ರ‍್ಯಾಕ್‌ನಿಂದ ಇಳಿಸಿ ಮುಚ್ಚಳ ಬಿಚ್ಚಬೇಕು.