ಮೂರು ವರ್ಷ ಬಳಸಿ, ಒಂದು ಸಲ ರಿಪೇರಿ ಮಾಡಿಸಿದ ಮೇಲೆ ನನ್ನ ಸ್ಟ್ಯಾಂಡ್ ಮಿಕ್ಸರ್ ಬಗ್ಗೆ

ಸ್ಟ್ಯಾಂಡ್ ಮಿಕ್ಸರ್, ಅಂದ್ರೆ ಕೇಕು ಬ್ರೆಡ್ಡಿನ ಹಿಟ್ಟು ಕಲಸೋ ನಾದೋ ಮೆಷಿನ್ನು, ತಗೊಂಡು ಮೂರು ವರ್ಷ ದಾಟ್ತು. ವಾರಕ್ಕೆ ಎರಡು ಸಲ ಬ್ರೆಡ್ಡು, ತಿಂಗಳಿಗೆ ಮೂರ್ನಾಲ್ಕು ಕೇಕು, ಮಧ್ಯದಲ್ಲಿ ಕುಕೀಸು, ಆಗಾಗ ಮೊಟ್ಟೆ ಬಿಳಿ ಸಕ್ಕರೆ ಹೊಡೆದು ಮಾಡೋ ಮೆರಾಂಗು, ಇಷ್ಟೂ ಅದರ ಕೈಲೇ ಮಾಡಿಸಿದೀನಿ, ಒಂದು ಸಲ ಗೇರ್ ಹೋಗಿ ರಿಪೇರಿಗೂ ಹೋಗಿ ಬಂದಿದೆ, ಹಂಗಾಗಿ ತಗೋಬೇಕು ಅಂತಿರೋರಿಗೆ ಈಗ ಬರೆದ್ರೆ ಉಪಯೋಗ ಆಗತ್ತೆ ಅನ್ನಿಸ್ತು. ನಂದು ತಲೆ ಹಿಂದಕ್ಕೆ ಎತ್ತೋ ಟಿಲ್ಟ್ ಹೆಡ್ ಮಾಡೆಲ್, ಐದು ಲೀಟರ್ ಸ್ಟೀಲ್ ಬೌಲು, ಜೊತೆಗೆ ಹಿಟ್ಟು ನಾದೋ ಹುಕ್ಕು, ಚಪ್ಪಟೆ ಬೀಟರು, ತಂತಿ ವಿಸ್ಕು.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ಅದೇ ಜಾಸ್ತಿ ಇದೆ. ನನ್ನ ಕೇಕು ಬದಲಾಗಿದ್ದು ಬೆಣ್ಣೆ ಸಕ್ಕರೆ ಕ್ರೀಮ್ ಮಾಡೋ ಹಂತದಲ್ಲಿ. ಕೈಯಲ್ಲಿ ಮಾಡ್ವಾಗ ಎರಡು ನಿಮಿಷಕ್ಕೇ ತೋಳು ನೋಯ್ತಿತ್ತು, ಸಾಕು ಅಂತ ಮೊಟ್ಟೆ ಹಾಕಿಬಿಡ್ತಿದ್ದೆ. ಆಮೇಲೆ ಅರ್ಥ ಆಗಿದ್ದು ಏನಂದ್ರೆ, ಸಕ್ಕರೆ ಹರಳು ಬೆಣ್ಣೆ ಒಳಗೆ ಉಜ್ಜಾಡ್ತಾ ಸಣ್ಣ ಸಣ್ಣ ಗಾಳಿ ಗುಳ್ಳೆ ಕೂರಿಸತ್ತೆ, ಬೇಕಿಂಗ್ ಪೌಡರ್ ಹೊಸದಾಗಿ ಗುಳ್ಳೆ ಹುಟ್ಟಿಸಲ್ಲ, ಆಗಲೇ ಇರೋ ಗುಳ್ಳೆಗಳನ್ನ ಊದಿಸತ್ತೆ ಅಷ್ಟೇ. ಅಂದ್ರೆ ಈ ಹಂತದಲ್ಲಿ ಅರ್ಧಕ್ಕೆ ಬಿಟ್ರೆ ಆಮೇಲೆ ಏನು ಹಾಕಿದ್ರೂ ಕೇಕು ಗಟ್ಟಿಯಾಗೇ ಬರತ್ತೆ. ಮೆಷಿನ್ನು ಚಪ್ಪಟೆ ಬೀಟರಲ್ಲಿ ಮಧ್ಯಮ ಸ್ಪೀಡಲ್ಲಿ ನಾಲ್ಕೈದು ನಿಮಿಷ ಬೇಜಾರಿಲ್ದೆ ತಿರುಗತ್ತೆ, ಹಳದಿ ಬೆಣ್ಣೆ ಕಣ್ಣೆದುರೇ ಬೆಳ್ಳಗಾಗ್ತಾ ಹೋಗತ್ತೆ, ಮೊದಲನೇ ಸಲ ಅದನ್ನ ನೋಡಿದಾಗ ಇಷ್ಟು ವರ್ಷ ನಾನು ಮಾಡ್ತಿದ್ದಿದ್ದು ಕ್ರೀಮಿಂಗೇ ಅಲ್ಲ ಅಂತ ಗೊತ್ತಾಯ್ತು.

ಆದ್ರೆ ಬೆಣ್ಣೆ 18ರಿಂದ 20 ಡಿಗ್ರಿ ಒಳಗೆ ಇರ್ಬೇಕು, ಬೆರಳು ಒತ್ತಿದ್ರೆ ಗುಳಿ ಬೀಳ್ಬೇಕು, ಹೊಳಪು ಬಂದಿರಬಾರದು. ಜಾಸ್ತಿ ಮೆತ್ತಗಾಗಿದ್ರೆ ಗಾಳಿ ನಿಲ್ಲಲ್ಲ, ಎಷ್ಟು ಹೊತ್ತು ತಿರುಗಿಸಿದ್ರೂ ಜಿಡ್ಡು ಜಿಡ್ಡಾಗೇ ಇರತ್ತೆ. ಮಧ್ಯದಲ್ಲಿ ಎರಡು ಸಲ ನಿಲ್ಲಿಸಿ ಬೌಲಿನ ತಳ ಸ್ಪ್ಯಾಚುಲಾದಲ್ಲಿ ಕೆರೆದು ಮೇಲಕ್ಕೆ ತರಬೇಕು, ಇದನ್ನ ಬಿಟ್ರೆ ತಳದಲ್ಲಿ ಬೆರೆಯದ ಬೆಣ್ಣೆ ಉಳ್ಕೊಂಡು ಬೇಯುವಾಗ ಕೇಕಲ್ಲಿ ಎಣ್ಣೆ ಗೆರೆ ಬೀಳತ್ತೆ. ಮೈದಾ ಹಾಕಿದ ಮೇಲಂತೂ ಮೆಷಿನ್ನಿಗೆ ಜಾಸ್ತಿ ಕೆಲಸ ಕೊಡ್ಲೇಬಾರದು. ಕಮ್ಮಿ ಸ್ಪೀಡಲ್ಲಿ ಒಂದರ್ಧ ನಿಮಿಷ, ಇನ್ನೂ ಸ್ವಲ್ಪ ಬಿಳಿ ಹಿಟ್ಟು ಕಾಣ್ತಿರುವಾಗಲೇ ನಿಲ್ಲಿಸಿ, ಉಳಿದಿದ್ದು ಕೈಯಲ್ಲೇ ಮಡಚಿ ಬೆರೆಸ್ತೀನಿ. ಇಲ್ಲಾಂದ್ರೆ ಗ್ಲೂಟನ್, ಅಂದ್ರೆ ಹಿಟ್ಟಿನ ಅಂಟು, ಎದ್ದು ಕೇಕು ರಬ್ಬರ್ ಥರ ಆಗತ್ತೆ.

ಈಗ ಬ್ರೆಡ್ಡು. ಜನ ಜಾಸ್ತಿ ಇದಕ್ಕೇ ತಗೊಳ್ಳೋದು, ನಾನೂ ಅಷ್ಟೇ. ಬೆಣ್ಣೆ ಮೊಟ್ಟೆ ತುಂಬ ಇರೋ ಬ್ರಿಯೋಶ್ ಥರದ ಹಿಟ್ಟು ಕೈಯಲ್ಲಿ ನಾದೋದು ನನ್ನ ಕೈಲಿ ಆಗ್ತಾನೇ ಇರ್ಲಿಲ್ಲ, ಅಂಗೈಗೆಲ್ಲ ಮೆತ್ಕೊಳ್ಳೋದು, ಕೈ ಬಿಸಿಗೆ ಬೆಣ್ಣೆ ಕರಗೋದು. ಮೆಷಿನ್ನಲ್ಲಿ ಮೊದಲು ಬೆಣ್ಣೆ ಇಲ್ದೆ ಚೆನ್ನಾಗಿ ನಾದಿಸಿ, ಹಿಟ್ಟಿಗೆ ಬಲ ಬಂದ ಮೇಲೆ ತಣ್ಣನೆ ಬೆಣ್ಣೆ ತುಂಡು ಒಂದೊಂದೇ ಹಾಕ್ತಾ ಹೋದ್ರೆ, ಮಧ್ಯದಲ್ಲಿ ಒಂದು ಹಂತದಲ್ಲಿ ಎಲ್ಲಾ ಒಡೆದು ಕೆಟ್ಟೇ ಹೋಯ್ತು ಅನ್ನೋ ಹಂಗೆ ಕಾಣತ್ತೆ, ಹೆದರ್ಕೋಬೇಡಿ, ಇನ್ನೈದು ನಿಮಿಷಕ್ಕೆ ಮತ್ತೆ ಸೇರ್ಕೊಂಡು ಬೌಲಿನ ಗೋಡೆ ಬಿಟ್ಟು ಬರತ್ತೆ, ಪಟ್ ಪಟ್ ಅಂತ ಬೌಲಿಗೆ ಬಡಿಯೋ ಶಬ್ದ ಬರತ್ತೆ. ನನಗೀಗ ಆ ಶಬ್ದ ಕೇಳಿದ್ರೇ ಸಾಕು, ಒಂದು ಚೂರು ತೆಗೆದು ಎಳೆದು ನೋಡ್ತೀನಿ, ಹರಿಯದೆ ಬೆಳಕು ಕಾಣೋಷ್ಟು ತೆಳ್ಳಗೆ ಚಾಚಿದ್ರೆ ಆಯ್ತು ಅಂತ.

ಯಾರೂ ನನಗೆ ಮೊದಲೇ ಹೇಳದೆ ಇದ್ದ ವಿಷಯ ಬಿಸಿ. ಹುಕ್ಕು ತಿರುಗೋ ಉಜ್ಜಾಟಕ್ಕೆ ಹಿಟ್ಟು ಬಿಸಿ ಆಗತ್ತೆ, ಹತ್ತು ನಿಮಿಷ ನಾದಿಸಿದ್ರೆ ಥರ್ಮಾಮೀಟರಲ್ಲಿ ಚೆನ್ನಾಗೇ ಗೊತ್ತಾಗತ್ತೆ. ಹಿಟ್ಟು 24ರಿಂದ 26 ಡಿಗ್ರಿ ಹತ್ರ ಇದ್ರೆ ನನಗೆ ಸರಿ ಬರತ್ತೆ, ಅದಕ್ಕಿಂತ ಬಿಸಿ ಆದ್ರೆ ಯೀಸ್ಟು ಓಡೋಕೆ ಶುರು ಮಾಡತ್ತೆ, ಬೇಗ ಉಬ್ಬತ್ತೆ, ರುಚಿ ಮಾತ್ರ ಬರಲ್ಲ. ಈಗ ಫ್ರಿಜ್ಜಿನ ನೀರೇ ಹಾಕ್ತೀನಿ. ಇನ್ನೊಂದು, ಹಿಟ್ಟು ನೀರು ಮಾತ್ರ ಕಲಸಿ ಅರ್ಧ ಗಂಟೆ ಸುಮ್ನೆ ಬಿಡೋದು, ಆಟೋಲೀಸ್ ಅಂತಾರೆ, ಅಷ್ಟರಲ್ಲೇ ಗ್ಲೂಟನ್ ಅರ್ಧ ತನ್ನಿಂದ ತಾನೇ ಕಟ್ಕೊಂಡಿರತ್ತೆ, ಆಮೇಲೆ ಯೀಸ್ಟು ಉಪ್ಪು ಹಾಕಿ ನಾದಿಸೋದು ಐದಾರು ನಿಮಿಷ ಸಾಕು. ಮೆಷಿನ್ನಿಗೂ ಆಯಾಸ ಕಮ್ಮಿ.

ಆಯಾಸ ಅಂದಾಗ ನೆನಪಾಯ್ತು, ಗೇರ್ ಕಥೆ ಹೇಳ್ಬೇಕು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 1000 ವಾಟ್ ಅಂತಿತ್ತು, ನಾನು ಅದನ್ನ ನೋಡೇ ತಗೊಂಡಿದ್ದು. ವಾಟ್ ಜಾಸ್ತಿ ಅಂದ್ರೆ ಬಲ ಜಾಸ್ತಿ ಅಂದ್ಕೊಂಡಿದ್ದೆ. ಆದ್ರೆ ಅದು ಮೆಷಿನ್ನು ಪ್ಲಗ್ಗಿಂದ ಎಳ್ಕೊಳ್ಳೋ ಕರೆಂಟಿನ ಲೆಕ್ಕ, ಹುಕ್ಕಿನ ತುದಿಗೆ ತಲುಪೋ ಬಲದ ಲೆಕ್ಕ ಅಲ್ಲ. ಮೋಟರಿಂದ ಹುಕ್ಕಿನ ತನಕ ಬೆಲ್ಟೋ ಗೇರೋ ಏನಿದೆ, ಕಮ್ಮಿ ಸ್ಪೀಡಲ್ಲಿ ಎಷ್ಟು ಟಾರ್ಕ್, ಅಂದ್ರೆ ತಿರುಗಿಸೋ ಬಲ, ಕೊಡತ್ತೆ, ಅದೇ ಮುಖ್ಯ. 300 ವಾಟಿನ ಆಸುಪಾಸಿನ ಮೆಷಿನ್ನೂ ಗೇರ್ ಗಟ್ಟಿ ಇದ್ರೆ ನಿಧಾನಕ್ಕೆ ಆರಾಮಾಗಿ ನಾದತ್ತೆ.

ಎಂಟನೇ ತಿಂಗಳಲ್ಲಿ ಒಂದು ದಿನ ಬೇಗಲ್, ಅಂದ್ರೆ ಬಳೆ ಆಕಾರದ ಗಟ್ಟಿ ಬ್ರೆಡ್ಡು, ಮಾಡೋಣ ಅಂತ ಒಂದು ಕೆಜಿ ಹಿಟ್ಟಿಗೆ 550 ಗ್ರಾಂ ನೀರು ಹಾಕಿ ನಾದಕ್ಕೆ ಬಿಟ್ಟೆ. ಬೇಗಲ್ ಹಿಟ್ಟು ಗೊತ್ತಲ್ಲ, ಕಲ್ಲಿನ ಥರ. ತಲೆ ಮೇಲೆ ಕೆಳಗೆ ಕುಣಿಯೋಕೆ ಶುರುವಾಯ್ತು, ಮುಟ್ಟಿದ್ರೆ ಬಿಸಿ, ಸುಟ್ಟ ವಾಸನೆ, ನಿಲ್ಲಿಸೋಣ ಅಂತ ಹೋಗೋಷ್ಟರಲ್ಲಿ ಕಟಕಟ ಅಂತ ಶಬ್ದ ಬಂತು, ಮೋಟರ್ ಓಡ್ತಿದೆ ಹುಕ್ಕು ನಿಂತಿದೆ. ಹೊಟ್ಟೆ ಉರೀತು, ತುಂಬಾ ಕಾಸು ಕೂಡಿಟ್ಟು ತಗೊಂಡಿದ್ದು. ಸರ್ವಿಸ್ ಸೆಂಟರಿನವರು ಓವರ್‌ಲೋಡ್ ಅಂತ ಬರೆದು ವಾರಂಟಿ ಆಗಲ್ಲ ಅಂದ್ರು, ಐದು ವಾರ ಇಟ್ಕೊಂಡ್ರು, ಫೋನ್ ಮಾಡಿದಾಗಲೆಲ್ಲ ಪಾರ್ಟ್ ಬಂದಿಲ್ಲ ಅನ್ನೋದೊಂದೇ ಉತ್ತರ. ನನಗೆ ಸಿಟ್ಟಿರೋದು ಇದಕ್ಕೆ: ಗಟ್ಟಿ ಹಿಟ್ಟಾದ್ರೆ ಅರ್ಧ ಅಳತೆ ಮಾತ್ರ ಹಾಕಿ ಅನ್ನೋ ಮಾತು ಮ್ಯಾನುಯಲ್ಲಿನ ಕೊನೇ ಪುಟದಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ ಇದೆ, ವಾಟ್ ಮಾತ್ರ ಡಬ್ಬದ ನಾಲ್ಕೂ ಕಡೆ ಇದೆ. ಬಿಚ್ಚಿದಾಗ ಮೆಕ್ಯಾನಿಕ್ಕು ತೋರಿಸಿದ್ರು, ಒಂದೇ ಒಂದು ಗೇರಿನ ಹಲ್ಲು ಸವೆದು ಹೋಗಿತ್ತು, ಉಳಿದಿದ್ದೆಲ್ಲ ಚೆನ್ನಾಗೇ ಇತ್ತು. ಎಷ್ಟೋ ಮೆಷಿನ್ನುಗಳಲ್ಲಿ ಒಂದು ಗೇರನ್ನ ಬೇಕಂತಲೇ ಮೆದು ವಸ್ತುವಿನಲ್ಲಿ ಮಾಡಿರ್ತಾರೆ, ಹೊರೆ ಮಿತಿ ಮೀರಿದ್ರೆ ಅದು ಮೊದಲು ಹೋಗಿ ಮೋಟರ್ ಉಳಿಸ್ಲಿ ಅಂತ. ಹಂಗಾಗಿ ತಗೊಳ್ಳೋ ಮೊದಲು ಅಂಗಡಿಯವರ ಹತ್ರ ಕೇಳ್ಬೇಕಾದ್ದು ಗಟ್ಟಿ ಹಿಟ್ಟು ಒಂದು ಸಲಕ್ಕೆ ಎಷ್ಟು ನಾದತ್ತೆ, ಈ ಗೇರ್ ಬಿಡಿಯಾಗಿ ಸಿಗತ್ತಾ, ಎಷ್ಟು ದಿನಕ್ಕೆ ಸಿಗತ್ತೆ ಅಂತ. ಈಗ ನಾನು ಮೆದು ಹಿಟ್ಟಾದ್ರೆ 700 ಗ್ರಾಂ ಮೈದಾ ತನಕ, ಬೇಗಲ್ ಥರದ್ದಾದ್ರೆ 400 ಗ್ರಾಂ, ಎರಡನೇ ಸ್ಪೀಡ್ ದಾಟಲ್ಲ, ಎಂಟು ನಿಮಿಷ ಆದ್ಮೇಲೆ ರೆಸ್ಟು. ಆಮೇಲಿಂದ ಒಂದು ತೊಂದ್ರೆನೂ ಬಂದಿಲ್ಲ.

ಇನ್ನು ಬೀಟರ್ ಎತ್ತರ. ಈ ಮೆಷಿನ್ನಲ್ಲಿ ಬೌಲು ತಿರುಗಲ್ಲ, ಬೀಟರು ತನ್ನ ಸುತ್ತ ಒಂದು ಕಡೆಗೆ ತಿರುಗ್ತಾ ಬೌಲಿನ ಸುತ್ತ ಉಲ್ಟಾ ಕಡೆಗೆ ಹೋಗತ್ತೆ, ಗ್ರಹ ಸೂರ್ಯನ ಸುತ್ತ ಹೋದ ಹಂಗೆ, ಪ್ಲಾನೆಟರಿ ಅನ್ನೋದು ಅದಕ್ಕೇ. ಇದು ಹಳೇ ಐಡಿಯಾ, ಅಮೆರಿಕದ ಹೋಬಾರ್ಟ್ ಕಂಪನಿಯ ಇಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್ ಬೇಕರಿಗಳಿಗೆ ಮಾಡಿದ್ದು, ಅದೇ ಕಂಪನಿ 1919ರಲ್ಲಿ ಮನೆಗೆ ಅಂತ ಕಿಚನ್‌ಏಡ್ ಎಚ್-5 ಅನ್ನೋ ಮಿಕ್ಸರ್ ತಂತು, ನೂರು ವರ್ಷ ಆದ್ರೂ ಒಳಗಿನ ಓಟ ಅದೇ ಇದೆ, ನನಗೆ ಅದು ಬಹಳ ಇಷ್ಟದ ವಿಷಯ. ಆದ್ರೆ ಬೀಟರು ತಳಕ್ಕೆ ಹತ್ರ ಇಲ್ದಿದ್ರೆ ಈ ಓಟದಿಂದ ಏನೂ ಪ್ರಯೋಜನ ಇಲ್ಲ. ನಂದು ಮೊದಲ ಆರು ತಿಂಗಳು ತಳದಲ್ಲಿ ಹಿಟ್ಟು ಬಿಡ್ತಿತ್ತು, ಮೆಷಿನ್ನೇ ಇಷ್ಟು ಅಂದ್ಕೊಂಡಿದ್ದೆ. ಒಣ ಬೌಲಲ್ಲಿ ಒಂದು ಸಣ್ಣ ನಾಣ್ಯ ಹಾಕಿ, ಚಪ್ಪಟೆ ಬೀಟರ್ ಹಾಕಿ, ತೀರಾ ಕಮ್ಮಿ ಸ್ಪೀಡಲ್ಲಿ ಬಿಡಿ. ನಾಣ್ಯ ಅಲ್ಲಾಡ್ಲೇ ಇಲ್ಲ ಅಂದ್ರೆ ಬೀಟರ್ ಮೇಲಿದೆ, ಒಂದೇ ಸಮ ಓಡಾಡ್ತಿದ್ರೆ ಜಾಸ್ತಿ ಕೆಳಗಿದೆ, ಒಂದು ಸುತ್ತಿಗೆ ಸ್ವಲ್ಪ ಸ್ವಲ್ಪ ಸರಿದ್ರೆ ಸರಿ. ಟಿಲ್ಟ್ ಹೆಡ್ ಮಾಡೆಲ್ಲುಗಳಲ್ಲಿ ಸಾಮಾನ್ಯವಾಗಿ ತಲೆ ಮಡಚೋ ಜಾಗದಲ್ಲಿ ಒಂದು ಸ್ಕ್ರೂ ಇರತ್ತೆ, ಕಾಲು ಸುತ್ತು ತಿರುಗಿಸಿ ನೋಡಿ. ಪ್ಲಗ್ ತೆಗೆದು ಮಾಡಿ ದಯವಿಟ್ಟು. ಬೌಲಿಗೆ ಕೈ ಹಾಕೋವಾಗಲೂ ಅಷ್ಟೇ, ಸೆರಗು ದುಪಟ್ಟ ಉದ್ದ ಕೂದಲು ಎಲ್ಲ ಕಟ್ಕೊಂಡೇ ಹತ್ರ ಹೋಗಿ.

ಮೊಟ್ಟೆ ಬಿಳಿಗೆ ಇದಕ್ಕಿಂತ ಒಳ್ಳೇ ಸಾಧನ ನಾನು ಕಂಡಿಲ್ಲ. ಬೌಲಲ್ಲಿ ಜಿಡ್ಡು ಇರಬಾರದು, ಒಂದು ಹನಿ ಹಳದಿ ಬಿದ್ರೂ ನೊರೆ ಸರಿಯಾಗಿ ಏಳಲ್ಲ, ಶುರುವಲ್ಲಿ ನಿಧಾನ. ಇಟಾಲಿಯನ್ ಮೆರಾಂಗಲ್ಲಿ 118 ಡಿಗ್ರಿ ಸಕ್ಕರೆ ಪಾಕ ಸುರೀಬೇಕಲ್ಲ, ಒಂದು ಕೈಯಲ್ಲಿ ಹ್ಯಾಂಡ್ ಬೀಟರ್ ಹಿಡ್ಕೊಂಡು ಇನ್ನೊಂದ್ರಲ್ಲಿ ಕುದಿಯೋ ಪಾಕ ಹಿಡ್ಕೊಂಡಾಗ ನನಗೆ ನಿಜವಾಗ್ಲೂ ಭಯ ಆಗ್ತಿತ್ತು, ಈಗ ಎರಡೂ ಕೈ ಪಾತ್ರೆ ಮೇಲೆ. ಪಾಕ ವಿಸ್ಕಿನ ತಂತಿಗೆ ಬೀಳದ ಹಂಗೆ, ವಿಸ್ಕಿಗೂ ಬೌಲಿನ ಗೋಡೆಗೂ ಮಧ್ಯೆ ಸುರೀರಿ, ತಂತಿಗೆ ಬಿದ್ರೆ ಸಿಡಿದು ಗೋಡೆಗೆ ಅಂಟಿ ಗಟ್ಟಿಯಾಗತ್ತೆ. ಆದ್ರೆ ಒಂದೇ ಮೊಟ್ಟೆ ಬಿಳಿ, ಕಾಲು ಕಪ್ ಕ್ರೀಮು, ಇಂಥದ್ದಕ್ಕೆ ಈ ಮೆಷಿನ್ ಬೇಡ, ವಿಸ್ಕು ಮುಟ್ಟೋದೇ ಇಲ್ಲ. ಅದಕ್ಕೆ ಹಳೇ ಹ್ಯಾಂಡ್ ಬೀಟರ್ ಇನ್ನೂ ಇಟ್ಕೊಂಡಿದೀನಿ.

ಶಬ್ದ ಇದೆ, ಕಮ್ಮಿ ಸ್ಪೀಡಲ್ಲಿ ಮಾತಾಡ್ಬಹುದು, ಜಾಸ್ತಿ ಮಾಡಿದ್ರೆ ಪಕ್ಕದ ರೂಮಿಗೆ ಹೋಗ್ಬೇಕು. ಆದ್ರೆ ಹೋಗ್ಬೇಡಿ, ಗಟ್ಟಿ ಹಿಟ್ಟು ನಾದುವಾಗ ಅದು ಕಟ್ಟೆ ಮೇಲೆ ಅಂಚಿನ ಕಡೆ ನಡೆಯತ್ತೆ. ತೂಕ ಎಂಟು ಕೆಜಿ ಹತ್ರ, ಬೀರು ಒಳಗಿಟ್ರೆ ತೆಗೆಯೋಕೇ ಮನಸ್ಸು ಬರಲ್ಲ, ಕಟ್ಟೆ ಮೇಲೇ ಜಾಗ ಇದ್ರೆ ಮಾತ್ರ ತಗೊಳ್ಳಿ, ತಲೆ ಎತ್ತಿದಾಗ ಮೇಲಿನ ಕಪಾಟಿಗೆ ತಾಗತ್ತಾ ಅಂತನೂ ಅಳೆದು ನೋಡಿ. ಅಲ್ಯೂಮಿನಿಯಂ ಹುಕ್ಕು ಬೀಟರು ಡಿಶ್‌ವಾಶರಿಗೆ ಹಾಕ್ಬೇಡಿ, ಬೂದು ಬಣ್ಣಕ್ಕೆ ತಿರುಗಿ ಕೈಗೆಲ್ಲ ಕಪ್ಪು ಹತ್ತತ್ತೆ. ಒಂದು ತಿಂಗಳು ಬಳಸದೆ ಬಿಟ್ಟಾಗ ತಲೆಯಿಂದ ಬೌಲಿಗೆ ಎಣ್ಣೆ ಹನಿ ಬಿತ್ತು, ಗೇರಿನ ಗ್ರೀಸಿಂದ ಎಣ್ಣೆ ಬೇರೆ ಆಗಿ ಇಳಿಯೋದು ಅದು. ಒರೆಸಿ, ಬೌಲಿಲ್ದೆ ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಬರ್ತಿದ್ರೆ ಮಾತ್ರ ಗ್ರೀಸ್ ಬದಲಾಯಿಸಿ.

ಪಾಸ್ತಾ ರೋಲರ್, ಗ್ರೈಂಡರ್ ಅಂತ ಅಟ್ಯಾಚ್‌ಮೆಂಟ್ ಮಾರೋಕೆ ಬರ್ತಾರೆ, ನಾನು ತಗೊಂಡಿಲ್ಲ. ನಾನು ಎಕ್ಸ್ಟ್ರಾ ತಗೊಂಡಿದ್ದು ಒಂದು ಬೌಲು ಮಾತ್ರ. ಸ್ಪಂಜ್ ಕೇಕಿಗೆ ಹಳದಿ ಒಂದ್ರಲ್ಲಿ ಬಿಳಿ ಇನ್ನೊಂದ್ರಲ್ಲಿ, ಮಧ್ಯದಲ್ಲಿ ಬೌಲು ತೊಳೆದು ಒರೆಸಿ ಜಿಡ್ಡು ಹೋಯ್ತಾ ಅಂತ ನೋಡ್ತಾ ನಿಂತ್ರೆ ಅಷ್ಟರಲ್ಲಿ ಮೊದಲು ಹೊಡೆದಿದ್ದು ಇಳಿದು ಕೂತಿರತ್ತೆ. ಈಗ ವಿಸ್ಕ್ ಒಂದನ್ನ ತೊಳೆದು ಒರೆಸಿ, ಬೌಲ್ ಬದಲಾಯಿಸಿ, ಹಂಗೇ ಮುಂದುವರಿಸ್ತೀನಿ.